ಹತ್ತು ಲಕ್ಷ ರೂಪಾಯಿಯ ಪ್ರಯೋಗ: ಕೊಳ್ಳೇಗಾಲ ಸೀಮೆಯಿಂದ ಒಂದು ನೋಟ

ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೊರಟವರಿಗೆ ಹನೂರು ದಾಟಿದ ಮೇಲೆ ರಾಮಾಪುರ ಸಿಗುತ್ತದೆ. ಬೆಟ್ಟಕ್ಕೆ ಹರಕೆ ಹೊತ್ತು ಹೋಗುವವರಿಗೆ ಅದು ದಾರಿಯಲ್ಲಿ ಬಂದು ಹೋಗುವ ಊರು. ಪತ್ರಿಕೆ ಓದುವವರಿಗೆ ಮಾತ್ರ ಬೇರೆ ಕಾರಣಕ್ಕೆ ನೆನಪಿರುವ ಊರು. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಐವರು ಪೊಲೀಸರನ್ನು ಕೊಂದು, ಬಂದೂಕುಗಳನ್ನು ಹೊತ್ತೊಯ್ದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹತ್ತಿರದ ಮೀಣ್ಯದ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್‌ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಬಲಿಯಾದರು. ಮರುವರ್ಷ ಪಾಲಾರ್‌ನಲ್ಲಿ ನೆಲಬಾಂಬು ಸಿಡಿಯಿತು. ಹೀಗಾಗಿ ಕ್ಯಾಮೆರಾ ಹಿಡಿದು ಈ ಕಡೆ ಬಂದವರೆಲ್ಲರೂ ಕಾಡು, ಕಳ್ಳಸಾಗಣೆ, ಕೊಲೆ ಈ ಮೂರನ್ನೇ ಚಿತ್ರಿಸಿಕೊಂಡು ಹೋದರು. ದೂರದರ್ಶನದವರಾದ ನಾವೂ ಅದಕ್ಕೆ ಹೊರತಲ್ಲ.

ಈ ಲೇಖನದ ವಿಷಯ ಬೇರೆ. ನಮ್ಮ ಮಾತುಕತೆ ಕಾರ್ಯಕ್ರಮಗಳಲ್ಲಿ ಬಡತನದ ಪ್ರಸ್ತಾಪ ಬಂದಾಗಲೆಲ್ಲ ವೀಕ್ಷಕರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಬಡ ಕುಟುಂಬಗಳು ತಮ್ಮ ಕಾಲ ಮೇಲೆ ತಾವು ನಿಲ್ಲಲೆಂದು ಇಷ್ಟು ವರ್ಷಗಳಿಂದ ಸರ್ಕಾರ, ಬ್ಯಾಂಕು, ದೇಶ ವಿದೇಶದ ಸಂಸ್ಥೆಗಳು ಕೊಟ್ಟ ಸಹಾಯಧನ ಏನಾಯಿತು? ಸ್ಟುಡಿಯೋದಲ್ಲಿ ಕುಳಿತ ತಜ್ಞರು ಇದಕ್ಕೆ ಕೊಡುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು. ಹಣ ಸಾಲದು ಎಂಬುದು ಒಂದು, ಹಣ ಸೋರಿಹೋಯಿತು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಕೊಟ್ಟ ಹಣದಿಂದ ನಿಜವಾಗಿ ಏನನ್ನು ಕೊಳ್ಳಲಾಯಿತು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಇದನ್ನು ಪರಿಶೀಲಿಸಲು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ.

ಮೊದಲು ನೆಲದ ಪರಿಚಯ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅನಂತರ ಮೈಸೂರು ಜಿಲ್ಲೆಗೆ ಸೇರಿತು. 1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾದಾಗ ಅದರ ಭಾಗವಾಯಿತು. ರಾಮಾಪುರ ಹೋಬಳಿಯನ್ನೂ ಒಳಗೊಂಡ ಹನೂರು ಪ್ರತ್ಯೇಕ ತಾಲ್ಲೂಕಾದದ್ದು ತೀರ ಇತ್ತೀಚೆಗೆ, 2018ರ ಸುಮಾರಿಗೆ. ಯಾವ ರಾಜಧಾನಿಯಿಂದ ನೋಡಿದರೂ ಇದು ಕಟ್ಟಕಡೆಯ ಅಂಚು: ಮದ್ರಾಸಿಗೂ ದೂರ, ಬೆಂಗಳೂರಿಗೂ ದೂರ. ನೀರಾವರಿ ಇರುವ ಕಡೆ ಹಿಪ್ಪುನೇರಳೆ, ಕಬ್ಬು, ಅರಿಸಿನ. ಮಿಕ್ಕ ಕಡೆ ಮಳೆ ನಂಬಿದ ರಾಗಿ, ಜೋಳ, ಹುರುಳಿ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ತಿರುಪ್ಪೂರಿಗೋ, ಕೊಡಗಿನ ಕಾಫಿ ತೋಟಕ್ಕೋ, ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೊರಡುವುದು ಇಲ್ಲಿನವರಿಗೆ ಹೊಸದಲ್ಲ. ಹೊರಡುವ ಮೊದಲು ಸಾಲ, ಬಂದ ಮೇಲೆ ಬಡ್ಡಿ. ಕಿವಿಯ ಓಲೆಯಿಂದ ಹಿತ್ತಾಳೆ ಬಿಂದಿಗೆಯವರೆಗೆ ಎಲ್ಲವೂ ಗಿರವಿಗೆ ಹೋಗಿ ಬರುತ್ತಿದ್ದವು. ಕೆಲವು ಹೋಗಿ ಬರುತ್ತಲೇ ಇರಲಿಲ್ಲ.

ಇಂಥ ಕುಟುಂಬಗಳಿಗೆ ಸರ್ಕಾರದ ಸಹಾಯ ಮೊದಲು ಬಂದದ್ದು ಸಮುದಾಯ ಅಭಿವೃದ್ಧಿ ಯೋಜನೆಯ ರೂಪದಲ್ಲಿ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಈ ಯೋಜನೆಯಿಂದ ಬ್ಲಾಕುಗಳು ಹುಟ್ಟಿದವು, ಗ್ರಾಮಸೇವಕರು ಬಂದರು. ರಸ್ತೆ, ಬಾವಿ, ಶಾಲೆಯ ಕಟ್ಟಡಗಳಾದವು. ಭೂಮಿ ಇದ್ದವನಿಗೆ ಗೊಬ್ಬರ, ಬೀಜ ಸಿಕ್ಕಿತು. ಭೂಮಿಯೇ ಇಲ್ಲದವನಿಗೆ ಏನು ಕೊಡುವುದೆಂಬುದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಆ ಪ್ರಶ್ನೆಗೆ ದೆಹಲಿ ಕಂಡುಕೊಂಡ ಉತ್ತರ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆ, ಹಳ್ಳಿಯ ಬಾಯಲ್ಲಿ ‘ಐಆರ್‌ಡಿಪಿ’. 1978–79ರಲ್ಲಿ ಕೆಲವು ಬ್ಲಾಕುಗಳಲ್ಲಿ ಶುರುವಾಗಿ 1980ರ ಅಕ್ಟೋಬರ್ 2ರಿಂದ ಇಡೀ ದೇಶಕ್ಕೆ ಹರಡಿತು.

ಅದರ ಲೆಕ್ಕಾಚಾರ ಕಾಗದದ ಮೇಲೆ ಸರಳ. ಬಡ ಕುಟುಂಬವನ್ನು ಗುರುತಿಸುವುದು. ಅದಕ್ಕೆ ಒಂದು ಆಸ್ತಿ ಕೊಡಿಸುವುದು. ಎಮ್ಮೆ, ಕುರಿ, ಹೊಲಿಗೆ ಯಂತ್ರ, ಎತ್ತಿನ ಗಾಡಿ, ಏನೂ ಆಗಬಹುದು. ಬೆಲೆಯ ಒಂದು ಭಾಗ ಸಹಾಯಧನ, ಮಿಕ್ಕದ್ದು ಬ್ಯಾಂಕ್ ಸಾಲ. ಸಣ್ಣ ರೈತನಿಗೆ ಶೇಕಡ 25, ಅತಿ ಸಣ್ಣ ರೈತ ಮತ್ತು ಕೃಷಿ ಕಾರ್ಮಿಕನಿಗೆ ಮೂರನೆಯ ಒಂದು ಭಾಗ, ಗಿರಿಜನರಿಗೆ ಅರ್ಧ. ಎಮ್ಮೆ ಹಾಲು ಕೊಡುತ್ತದೆ, ಹಾಲಿನ ಹಣದಿಂದ ಸಾಲ ತೀರುತ್ತದೆ, ಕುಟುಂಬ ಬಡತನದ ಗೆರೆ ದಾಟುತ್ತದೆ.

ನಾನು ವಿಜ್ಞಾನ ಓದಿದವನು. ಕಾಗದದ ಮೇಲಿನ ಸಮೀಕರಣದಲ್ಲಿ ಬಿಟ್ಟುಹೋದ ಅಂಶವನ್ನು ಹುಡುಕುವ ಚಾಳಿ ಇನ್ನೂ ಬಿಟ್ಟಿಲ್ಲ. ಇಲ್ಲಿ ಬಿಟ್ಟುಹೋದದ್ದು ಮೇವು, ನೀರು, ದನದ ಡಾಕ್ಟರು ಮತ್ತು ಹಾಲು ಕೊಳ್ಳುವವನು. ಇವೆಲ್ಲ ಇದ್ದರೂ ಇನ್ನೊಂದು ಉಳಿಯುತ್ತದೆ. ಆ ಮನೆಗೆ ಆಗ ಬೇಕಾಗಿದ್ದುದು ಎಮ್ಮೆಯೇ ಹೌದೋ ಅಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಬಸುರಿ ಮಗಳನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಲು ಮುನ್ನೂರು ರೂಪಾಯಿ ಬೇಕಾದವಳಿಗೆ ಬ್ಯಾಂಕು ಮೂರು ಸಾವಿರದ ಎಮ್ಮೆ ಕೊಡುತ್ತಿತ್ತು, ಮುನ್ನೂರು ಕೊಡುತ್ತಿರಲಿಲ್ಲ. ಅವಳು ಎಮ್ಮೆ ತಂದು, ಮಾರಿ, ಮಗಳನ್ನು ಕರೆದುಕೊಂಡು ಹೋಗುತ್ತಿದ್ದಳು. ಕಡತದಲ್ಲಿ ಅದು ‘ಆಸ್ತಿಯ ದುರುಪಯೋಗ’. ಒಂದೇ ಎಮ್ಮೆ ಹಗ್ಗ ಬದಲಿಸಿಕೊಂಡು ನಾಲ್ಕು ಮನೆಯ ಫಲಾನುಭವಿಗಳ ಫೋಟೋದಲ್ಲಿ ನಿಂತಿತೆಂಬ ತಮಾಷೆಯ ಕಥೆ ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಕೇಳಸಿಗುತ್ತದೆ. ನಕ್ಕು ಮರೆಯುವ ಮೊದಲು ಆ ನಾಲ್ಕು ಮನೆಯವರ ಹೆಸರಿನಲ್ಲಿ ಸುಸ್ತಿ ಸಾಲ ಉಳಿದು, ಮುಂದೆ ಬ್ಯಾಂಕಿನ ಮೆಟ್ಟಿಲು ಹತ್ತಲಾಗದೆ ಹೋಯಿತೆಂಬುದನ್ನೂ ನೆನೆಯಬೇಕು.

1982–83ರಲ್ಲಿ ಹೆಣ್ಣುಮಕ್ಕಳಿಗಾಗಿಯೇ ‘ಡ್ವಾಕ್ರಾ’ ಬಂತು. ಹದಿನೈದು ಇಪ್ಪತ್ತು ಮಹಿಳೆಯರ ಗುಂಪಿಗೆ 15,000 ರೂಪಾಯಿ ಸುತ್ತುನಿಧಿ: ಕೇಂದ್ರ, ರಾಜ್ಯ ಮತ್ತು ಯುನಿಸೆಫ್ ತಲಾ ಮೂರನೆಯ ಒಂದು ಪಾಲು. ಗುಂಪು ಎಂಬ ಕಲ್ಪನೆ ಇಲ್ಲಿ ಬಂದದ್ದು ನಿಜ. ಆದರೆ ಗುಂಪು ಯಾರದೆಂದು ತೀರ್ಮಾನಿಸುತ್ತಿದ್ದವರು ಕಚೇರಿಯವರು.

ಈಗ ಕಥೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಅದೂ ಟಿಬೆಟ್ಟಿನ ಮೂಲಕ. 1959ರ ನಂತರ ಭಾರತಕ್ಕೆ ಬಂದ ಟಿಬೆಟನ್ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಜಾಗ ಕೊಟ್ಟಿತು. ಬೈಲಕುಪ್ಪೆ, ಮುಂಡಗೋಡು, ಹುಣಸೂರು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇದೇ ಹನೂರು ಸೀಮೆಯ ಒಡೆಯರಪಾಳ್ಯ. 1970ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ನೆಲೆಗೊಂಡ ಶಿಬಿರಕ್ಕೆ ಟಿಬೆಟನ್ನರು ಧೊಂಡೆನ್‌ಲಿಂಗ್ ಎಂದು ಹೆಸರಿಟ್ಟರು. ಇಂದಿಗೂ ಅಲ್ಲಿ ಮುಸುಕಿನ ಜೋಳದ ಹೊಲಗಳ ನಡುವೆ ಬೌದ್ಧ ವಿಹಾರ ನಿಂತಿದೆ. ಈ ಪುನರ್ವಸತಿ ಕೆಲಸದಲ್ಲಿ ಸರ್ಕಾರಕ್ಕೆ ಕೈಜೋಡಿಸಲೆಂದು 1968ರಲ್ಲಿ ಹುಟ್ಟಿದ ಸ್ವಯಂಸೇವಾ ಸಂಸ್ಥೆಯೇ ‘ಮೈರಾಡ’, ಅಂದರೆ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ. ಹಣ ಹೆಚ್ಚಾಗಿ ವಿದೇಶದ ನೆರವಿನದು. ಸುಮಾರು ಹದಿನೈದು ಸಾವಿರ ಟಿಬೆಟನ್ನರ ನೆಲೆ ಒದಗಿಸುವ ಕೆಲಸ ಅದರದಾಗಿತ್ತು.

ಶಿಬಿರಕ್ಕೆ ಟ್ರಾಕ್ಟರು ಬಂತು, ಸಹಕಾರ ಸಂಘ ಬಂತು, ಆಸ್ಪತ್ರೆ ಬಂತು. ಬೇಲಿಯ ಈಚೆಗಿನ ಕನ್ನಡದ ಹಳ್ಳಿಗಳಲ್ಲಿ ಇದ್ದದ್ದು ಅದೇ ಬಡತನ. ಪರದೇಶದಿಂದ ಬಂದವರಿಗೆ ಇಷ್ಟು, ಇಲ್ಲಿಯೇ ಹುಟ್ಟಿದ ನಮಗೇನು ಎಂಬ ಮಾತು ಹಳ್ಳಿಯಲ್ಲಿ ಏಳುವುದು ಸಹಜ. ಆ ಮಾತಿನಲ್ಲಿ ಅಸೂಯೆಗಿಂತ ನ್ಯಾಯವೇ ಹೆಚ್ಚು ಎಂದು ನನಗನ್ನಿಸುತ್ತದೆ. 1970ರ ದಶಕದ ಕೊನೆಯ ಹೊತ್ತಿಗೆ ಮೈರಾಡ ನಿರಾಶ್ರಿತರಿಂದ ಸುತ್ತಲಿನ ಹಳ್ಳಿಗಳ ಬಡವರತ್ತ ತಿರುಗಿತು. ಕೊಳ್ಳೇಗಾಲ ಸೀಮೆಯ ಹುತ್ತೂರಿನಲ್ಲಿ, ಗಡಿಯಾಚೆ ತಮಿಳುನಾಡಿಗೆ ಸೇರಿದರೂ ಕನ್ನಡ ಮಾತನಾಡುವ ತಾಳವಾಡಿಯಲ್ಲಿ ಅದರ ಯೋಜನೆಗಳು ನಡೆದವು. 1982ರಿಂದ ಅಲೋಷಿಯಸ್ ಪ್ರಕಾಶ್ ಫರ್ನಾಂಡಿಸ್ ಸಂಸ್ಥೆಯ ಮುಖ್ಯಸ್ಥರಾದರು. ಮುಂದೆ 2000ದಲ್ಲಿ ಪದ್ಮಶ್ರೀ ಪಡೆದವರು ಇವರೇ.

ಹಳ್ಳಿಗಳಲ್ಲಿ ಮೈರಾಡ ಮೊದಲು ಮಾಡಿದ್ದು ಟಿಬೆಟನ್ ಶಿಬಿರಗಳಲ್ಲಿ ಕಂಡದ್ದನ್ನೇ: ದೊಡ್ಡ ಸಹಕಾರ ಸಂಘ. ನೂರಕ್ಕೂ ಹೆಚ್ಚು ಸದಸ್ಯರು, ಅಧ್ಯಕ್ಷ, ಕಾರ್ಯದರ್ಶಿ, ಸಂಸ್ಥೆ ತಂದುಕೊಟ್ಟ ಹಣದಿಂದ ಸಾಲ. ಟಿಬೆಟನ್ನರಲ್ಲಿ ಅದು ನಿಂತಿತು, ಏಕೆಂದರೆ ಅವರು ಒಂದೇ ಕಷ್ಟ ಉಂಡು ಬಂದ ಒಂದೇ ಜನ. ಕನ್ನಡದ ಹಳ್ಳಿಯಲ್ಲಿ ಒಂದು ಸಂಘದೊಳಗೆ ಐದು ಕೇರಿ ಇರುತ್ತವೆ. ಯಜಮಾನರ ಮಾತಿನ ಎದುರು ಕೊನೆಯ ಕೇರಿಯವನು ಬಾಯಿ ಬಿಡಲಾರ. 1984–85ರ ಹೊತ್ತಿಗೆ ಹಲವು ಕಡೆ ಈ ಸಂಘಗಳು ಮುರಿದುಬಿದ್ದವು.

ಅಲ್ಲಿ ನಡೆದದ್ದನ್ನು ಫರ್ನಾಂಡಿಸ್ ಅವರು ಮತ್ತೆ ಮತ್ತೆ ಬರೆದಿದ್ದಾರೆ. ಸಂಘ ಮುರಿದ ಮೇಲೆ ಸದಸ್ಯರು ಹದಿನೈದು ಇಪ್ಪತ್ತು ಮಂದಿಯ ಚಿಕ್ಕ ಗುಂಪುಗಳಾಗಿ ಮೈರಾಡದವರ ಬಳಿಗೆ ಬಂದರು. ನಮ್ಮ ಸಾಲ ನಿಮಗೆ ತೀರಿಸುತ್ತೇವೆ, ಆ ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ ಎಂದರು. ಸಂಸ್ಥೆ ಆ ಹಣವನ್ನು ಎಣಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಮಗೆ ಕಟ್ಟಬೇಡಿ, ನಿಮ್ಮ ನಿಮ್ಮಲ್ಲೇ ಕಟ್ಟಿಕೊಳ್ಳಿ ಎಂದು ಅವರು ಹೇಳಿದರು. ತಾವೇ ಆರಿಸಿಕೊಂಡು ಸೇರಿದ ಆ ಗುಂಪುಗಳು ತೀರಿಸಿದ ಹಣವನ್ನು ತಮ್ಮಲ್ಲೇ ಇಟ್ಟುಕೊಂಡು, ಅದಕ್ಕೆ ಉಳಿತಾಯ ಸೇರಿಸಿ, ತಮ್ಮವರಿಗೇ ಮತ್ತೆ ಸಾಲ ಕೊಡತೊಡಗಿದವು. ಒಂದು ಸೋಲಿನ ಅವಶೇಷದಿಂದ ಹುಟ್ಟಿದ ಈ ಗುಂಪುಗಳಿಗೆ ಮೈರಾಡ ‘ಸಾಲ ನಿರ್ವಹಣಾ ಗುಂಪು’ ಎಂಬ ಅರ್ಥದ ಹೆಸರಿಟ್ಟಿತು. 1986–87ರ ಹೊತ್ತಿಗೆ ಅದರ ಯೋಜನೆಗಳಲ್ಲಿ ಇಂಥವು ಸುಮಾರು 300 ಇದ್ದವು.

ಇದನ್ನು ಗಮನಿಸಿದ್ದು ನಬಾರ್ಡ್. 1982ರಲ್ಲಿ ಸ್ಥಾಪನೆಯಾದ ಈ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕು 1987ರಲ್ಲಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ‘ಸ್ವಸಹಾಯ ಗುಂಪು’ ಎಂಬ ಹೆಸರು ಬಳಕೆಗೆ ಬಂದದ್ದೂ ಆಗಲೇ. ಐಆರ್‌ಡಿಪಿಯ ಅಂದಿನ ಖರ್ಚಿನೆದುರು 10 ಲಕ್ಷ ಏನೇನೂ ಅಲ್ಲ. ಆದರೆ ಈ ಹಣದಿಂದ ಒಂದೇ ಒಂದು ಎಮ್ಮೆಯನ್ನೂ ಕೊಳ್ಳಲಿಲ್ಲ. ಗುಂಪುಗಳು ತಾವಾಗಿ ಸೇರಿ ಕೆಲವು ತಿಂಗಳು ಉಳಿತಾಯ ಮಾಡಬೇಕು. ಸಭೆ ನಡೆಸುವುದು, ಲೆಕ್ಕ ಬರೆಯುವುದು ಕಲಿಯಬೇಕು. ಆ ಕಲಿಕೆಗೆ ಅನುದಾನದಿಂದ ಖರ್ಚು. ಅನಂತರವೇ, ಅವರು ಕೂಡಿಟ್ಟದ್ದಕ್ಕೆ ಸಮನಾಗಿ ಒಂದಿಷ್ಟು ಹಣ. ಅಂದರೆ ಹಣ ಮೊದಲು ಬಂದು ಗುಂಪು ಆಮೇಲೆ ಹುಟ್ಟುವ ಕ್ರಮ ಇಲ್ಲಿ ತಿರುಗುಮುರುಗಾಯಿತು. ಪ್ರಯೋಗಶಾಲೆಯಲ್ಲಿ ನಾವು ಒಂದು ಅಂಶವನ್ನು ಮಾತ್ರ ಬದಲಿಸಿ ಫಲ ನೋಡುತ್ತಿದ್ದೆವು. ಇಲ್ಲಿ ಬದಲಾದದ್ದು ಆ ಒಂದು ಅಂಶ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಇಪ್ಪತ್ತು ಜನ ವಾರಕ್ಕೆ ಐದು ರೂಪಾಯಿ ಹಾಕಿದರೆ ವಾರಕ್ಕೆ ನೂರು, ವರ್ಷಕ್ಕೆ 5,200. ಈ ಹಣ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಒಬ್ಬಳಿಗೆ ಅಕ್ಕಿಗೆ ಐವತ್ತು, ಇನ್ನೊಬ್ಬಳಿಗೆ ಗಿರವಿ ಬಿಡಿಸಲು ಇನ್ನೂರು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದಿಟ್ಟುಕೊಂಡ ಗುಂಪುಗಳು ಬಹಳ. ವರ್ಷಕ್ಕೆ ಇಪ್ಪತ್ತನಾಲ್ಕು! ಬ್ಯಾಂಕಿನ ಬಡ್ಡಿಗಿಂತ ಇದು ಹೆಚ್ಚಲ್ಲವೇ ಎಂದು ಪೇಟೆಯವರು ಹುಬ್ಬೇರಿಸುತ್ತಾರೆ. ಊರಿನ ಲೇವಾದೇವಿಯವನು ನೂರಕ್ಕೆ ಐದು, ಹತ್ತು ಕೇಳುತ್ತಿದ್ದ. ಅದು ಹೋದ ದಾರಿಗೆ ಸುಂಕವಿಲ್ಲ. ಗುಂಪಿನ ಎರಡು ರೂಪಾಯಿ ಗುಂಪಿಗೇ ಮರಳಿ ಬರುತ್ತದೆ. ಕೊಟ್ಟವಳೇ ಅದರ ಒಡತಿ.

ಆ ಮೊದಲ ವರ್ಷಗಳ ಸಾಲ ಏತಕ್ಕೆ ಹೋಯಿತೆಂಬುದು ಮುಖ್ಯ. ಹೊಟ್ಟೆಗೆ, ಔಷಧಿಗೆ, ಗಿರವಿ ಬಿಡಿಸುವುದಕ್ಕೆ, ನೆಂಟರ ಮದುವೆಯ ಮುಯ್ಯಿಗೆ. ಯೋಜನಾ ಭಾಷೆಯಲ್ಲಿ ಇವೆಲ್ಲ ‘ಅನುತ್ಪಾದಕ’. ಆದರೆ ಬಿಂದಿಗೆ ಗಿರವಿಯಿಂದ ಮನೆಗೆ ಬಂದ ಮೇಲೆಯೇ ಕುರಿಮರಿಯ ಯೋಚನೆ ಬರುವುದು. ಯಾವುದು ಮೊದಲು ಎಂಬುದನ್ನು ಆ ಹೆಂಗಸರು ತಾವೇ ಕೂತು ಜಗಳವಾಡಿ ತೀರ್ಮಾನಿಸಿದರು. 10 ಲಕ್ಷದ ಅನುದಾನ ನಿಜವಾಗಿ ಖರೀದಿಸಿದ್ದು ಆ ಜಗಳಕ್ಕೆ ಬೇಕಾದ ಚಾಪೆ, ಪುಸ್ತಕ ಮತ್ತು ಅವಕಾಶವನ್ನು.

ಇದೇ ಹೊತ್ತಿಗೆ ದೊಡ್ಡ ಮಟ್ಟದಲ್ಲಿ ಏನಾಗುತ್ತಿತ್ತು? 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಹತ್ತು ಸಾವಿರ ರೂಪಾಯಿವರೆಗಿನ ಸುಸ್ತಿ ಕೃಷಿ ಸಾಲ ಮನ್ನಾ ಮಾಡಿತು. ಕಷ್ಟದಲ್ಲಿದ್ದ ರೈತನಿಗೆ ಅದರಿಂದ ಉಸಿರು ಬಂತು, ಅಲ್ಲಗಳೆಯುವುದಿಲ್ಲ. ಆದರೆ ಸಕಾಲಕ್ಕೆ ಕಟ್ಟಿದವನು ಪೆದ್ದ ಎಂಬ ಮಾತು ಹಳ್ಳಿಯಲ್ಲಿ ಹುಟ್ಟಿದ್ದೂ ಆಗಲೇ. ಊರಿನ ದೊಡ್ಡವರು ಮನ್ನಾ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಿದ್ದಾಗ ಈ ಹೆಂಗಸರು ಐದು ರೂಪಾಯಿಯ ಕಂತು ತಪ್ಪಿಸಿದವಳಿಗೆ ನಾಲ್ಕಾಣೆ ದಂಡ ಹಾಕುವ ಚರ್ಚೆಯಲ್ಲಿದ್ದರು.

ಬ್ಯಾಂಕುಗಳನ್ನು ಒಪ್ಪಿಸಿದ್ದು ಈ ಶಿಸ್ತು. ನೋಂದಣಿ ಇಲ್ಲದ ಗುಂಪಿಗೆ ಬ್ಯಾಂಕು ಸಾಲ ಕೊಡುವುದು ಹೇಗೆ? ಅಡಮಾನ ಏನು? ಉದ್ದೇಶ ಬರೆಸದೆ ಹಣ ಬಿಡುವುದೆಂತು? 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ ಇದಕ್ಕೆ ದಾರಿ ಬಿಟ್ಟಿತು. 1992ರ ಫೆಬ್ರುವರಿಯಲ್ಲಿ ನಬಾರ್ಡ್ ನಿಯಮಗಳನ್ನು ಹೊರಡಿಸಿ, ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಮೊದಮೊದಲ ಸಾಲಗಳಲ್ಲಿ ಕೋಲಾರ ಜಿಲ್ಲೆಯ ಬಂಗಾರಪೇಟೆಯ ವೈಶ್ಯ ಬ್ಯಾಂಕು ಕೊಟ್ಟದ್ದೂ ಒಂದು. ಹಣ ಗುಂಪಿಗೆ ಇಡಿಯಾಗಿ ಹೋಗುತ್ತದೆ; ಯಾರಿಗೆ, ಏಕೆ ಎಂಬುದು ಗುಂಪಿನ ತೀರ್ಮಾನ. ಗುಂಪಿನ ಸಂಖ್ಯೆ ಇಪ್ಪತ್ತು ಮೀರದಿರುವುದಕ್ಕೆ ಒಂದು ಕಾನೂನಿನ ಕಾರಣವೂ ಇತ್ತು. 1956ರ ಕಂಪನಿ ಕಾಯಿದೆಯ ಪ್ರಕಾರ ಲಾಭದ ವ್ಯವಹಾರ ನಡೆಸುವ ಕೂಟದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಇದ್ದರೆ ನೋಂದಣಿ ಕಡ್ಡಾಯವಾಗಿತ್ತು. ಇಪ್ಪತ್ತೊಂದನೆಯವಳು ಬಂದರೆ ಸಂಘ ಒಡೆದು ಎರಡಾಗಬೇಕು!

ಅದೇ 1992 ಈ ಸೀಮೆಗೆ ರಕ್ತದ ವರ್ಷವಾಯಿತೆಂಬುದನ್ನು ಮೊದಲೇ ಹೇಳಿದೆ. ಮುಂದಿನ ವರ್ಷಗಳಲ್ಲಿ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಕಾಡಂಚಿನ ಊರುಗಳಲ್ಲಿ ಬೀಡುಬಿಟ್ಟವು. ಕತ್ತಲಾದ ಮೇಲೆ ನಾಲ್ಕು ಜನ ಒಂದೆಡೆ ಕೂತರೆ ಅನುಮಾನ. ಸೌದೆಗೆ ಹೋದರೆ ಅನುಮಾನ. ಮನೆಯಲ್ಲಿ ಹೆಚ್ಚು ಅಕ್ಕಿ ಇದ್ದರೆ ಅದೂ ಅನುಮಾನ ಎಂದು ಆ ದಿನಗಳನ್ನು ಕಂಡವರು ಹೇಳುತ್ತಾರೆ. ಕೂಲಿ ಮುಗಿಸಿ ಬಂದ ಹೆಂಗಸರಿಗೆ ಸಭೆ ಸೇರಲು ಸಂಜೆಯ ಹೊತ್ತು ಬಿಟ್ಟರೆ ಬೇರೆ ಹೊತ್ತಿಲ್ಲ. ಚಿತ್ರೀಕರಣದ ಸಿದ್ಧತೆಗೆಂದು ರಾಮಾಪುರ ಹೋಬಳಿಯ ಹಳ್ಳಿಯೊಂದಕ್ಕೆ ಹೋಗಿದ್ದಾಗ ಅರವತ್ತು ದಾಟಿದ ತಾಯಿಯೊಬ್ಬರು ನನಗೆ ಹೇಳಿದ ಮಾತು ಇದು: “ಆವಾಗ ದೀಪ ಹಚ್ಚದೇಯ ಕೂತ್ಕತಿದ್ದೊ ಸಾರ್. ದುಡ್ಡ ಕೈಲಿ ಮುಟ್ಟಿ ಎಣಿಸ್ತಿದ್ದೊ. ಬೆಳಿಗ್ಗೆ ಎದ್ದು ಪುಸ್ತಕಕ್ಕೆ ಬರೆಸ್ತಿದ್ದೊ.” 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತ. ಅವನ ಬಗೆಗೆ ಆದ ಚಿತ್ರ, ಪುಸ್ತಕಗಳಿಗೆ ಲೆಕ್ಕವಿಲ್ಲ. ಕತ್ತಲಲ್ಲಿ ನಾಣ್ಯ ಎಣಿಸಿದವರ ಬಗೆಗೆ ಒಂದು ಅರ್ಧ ಗಂಟೆಯ ಕಾರ್ಯಕ್ರಮಕ್ಕೂ ನಾವು ಹೊತ್ತು ಮಾಡಿಕೊಂಡಿರಲಿಲ್ಲ.

ಈ ಮಧ್ಯೆ ಪ್ರಯೋಗ ಯೋಜನೆಯಾಯಿತು. ಹೊಗೇನಕಲ್ಲಿನ ಆಚೆ ದಂಡೆಯ ಧರ್ಮಪುರಿ ಜಿಲ್ಲೆಯಲ್ಲಿ 1989ರಿಂದಲೇ ತಮಿಳುನಾಡು ಸರ್ಕಾರ, ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನೊಡನೆ ಇದೇ ಮಾದರಿ ಹಿಡಿದಿತ್ತು. 1999ರಲ್ಲಿ ಐಆರ್‌ಡಿಪಿ ಮತ್ತು ಡ್ವಾಕ್ರಾ ಎರಡೂ ‘ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್’ ಯೋಜನೆಯಲ್ಲಿ ಲೀನವಾದವು. 2000–01ರಲ್ಲಿ ಕರ್ನಾಟಕದ ‘ಸ್ತ್ರೀಶಕ್ತಿ’ ಬಂತು; ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಊರೂರಲ್ಲಿ ಗುಂಪು, ಗುಂಪಿಗೆ ಐದು ಸಾವಿರ ಸುತ್ತುನಿಧಿ. 2011ರಲ್ಲಿ ರಾಷ್ಟ್ರೀಯ ಜೀವನೋಪಾಯ ಅಭಿಯಾನ, ನಮ್ಮಲ್ಲಿ ‘ಸಂಜೀವಿನಿ’. ಇಂದು ದೇಶದಲ್ಲಿ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಹೊಂದಿದ ಇಂಥ ಗುಂಪುಗಳ ಸಂಖ್ಯೆ ಕೋಟಿ ದಾಟಿದೆ. ಐನೂರರಿಂದ ಕೋಟಿಗೆ!

ಹಿಗ್ಗುವ ಮಾತೇ. ಆದರೂ ಒಂದು ಸಂಗತಿಯನ್ನು ಬಿಡುವಂತಿಲ್ಲ. ಸ್ವರ್ಣಜಯಂತಿ ಯೋಜನೆಯಲ್ಲಿ ಗುಂಪಿಗೆ ಯೋಜನಾ ವೆಚ್ಚದ ಅರ್ಧದಷ್ಟು, ಗರಿಷ್ಠ 1.25 ಲಕ್ಷ ರೂಪಾಯಿ ಸಹಾಯಧನವಿತ್ತು. ವಾರಕ್ಕೆ ನೂರು ಕೂಡಿಸಿದ ಗುಂಪಿನ ಮುಂದೆ ಲಕ್ಷ ಇಟ್ಟರೆ ಏನಾಗುತ್ತದೆ? ಲಕ್ಷಕ್ಕಾಗಿಯೇ ಗುಂಪುಗಳು ಹುಟ್ಟಿದವು, ಲಕ್ಷ ಹಂಚಿದ ಮೇಲೆ ಮಲಗಿದವು. ಮಾರ್ಚಿ ತಿಂಗಳ ಗುರಿ ಮುಟ್ಟಲು ಕೂಡಿಸಿದ ಇಪ್ಪತ್ತು ಹೆಸರುಗಳಲ್ಲಿ ಆರು ಮಂದಿಗೆ ತಾವು ಸದಸ್ಯರೆಂಬುದೇ ಗೊತ್ತಿಲ್ಲದ ಗುಂಪನ್ನು ನಾನೇ ಕಂಡಿದ್ದೇನೆ. 1987ರಲ್ಲಿ ತಿರುಗಿಸಿದ ಕ್ರಮ ಮತ್ತೆ ಹಳೆಯ ಜಾಗಕ್ಕೆ ಬಂದಿತ್ತು: ಹಣ ಮೊದಲು, ಜನ ಆಮೇಲೆ. ಎಲ್ಲ ಕಡೆಯೂ ಹೀಗಾಯಿತೆಂದಲ್ಲ. ಅಂಗನವಾಡಿಯ ಒಬ್ಬ ಕಾರ್ಯಕರ್ತೆ ಮನಸ್ಸಿಟ್ಟ ಊರುಗಳಲ್ಲಿ ಸ್ತ್ರೀಶಕ್ತಿ ಗುಂಪುಗಳು ಯಾವ ಸ್ವಯಂಸೇವಾ ಸಂಸ್ಥೆಯ ಗುಂಪಿಗೂ ಕಡಿಮೆಯಿಲ್ಲದೆ ನಡೆದಿವೆ.

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಅನುದಾನದ ಕಥೆ ಇನ್ನೊಂದು ತಿರುವು ಪಡೆಯಿತು. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ, ಆಸ್ಪತ್ರೆಗಳ ಬಗೆಗೆ ನಾಡಿಗೇ ಗೊತ್ತು. 1990ರ ದಶಕದ ನಡುವೆ ಅಮೆರಿಕದ ನೆರವಿನ ಜೀವವೈವಿಧ್ಯ ಸಂರಕ್ಷಣೆಯ ಕಾರ್ಯಕ್ರಮವೊಂದರಿಂದ ಅಲ್ಲಿ ಸೋಲಿಗರೇ ನಡೆಸುವ ಜೇನು ಸಂಸ್ಕರಣೆ, ನೆಲ್ಲಿಕಾಯಿ ಉಪ್ಪಿನಕಾಯಿಯಂಥ ಘಟಕಗಳು ಆರಂಭವಾದವು. ಕಾಡಿನ ಉತ್ಪನ್ನವನ್ನು ಕಚ್ಚಾ ಮಾರುವ ಬದಲು ಹದ ಮಾಡಿ ಮಾರಿದರೆ ಹೆಚ್ಚು ಹಣ. ಹಣ ಬಂದರೆ ಕಾಡಿನ ಕಾಳಜಿ ಹೆಚ್ಚು. ಒಳ್ಳೆಯ ವಿಚಾರ. ಆದರೆ 2002ರ ವನ್ಯಜೀವಿ ಕಾಯಿದೆಯ ತಿದ್ದುಪಡಿಯ ಬೆನ್ನಲ್ಲೇ ಅಭಯಾರಣ್ಯದಿಂದ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವುದು ನಿಂತಿತು. ಯಂತ್ರವಿದೆ, ತರಬೇತಿ ಇದೆ, ಜೇನಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲಿ, ಅವರೇ ಸಂಘಟಿತರಾಗಿ ಕೇಳಿದ ಮೇಲೆ. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದೂ ಅದೇ ವರ್ಷ. ಅನುದಾನದ ಅರ್ಜಿಯಲ್ಲಿ ‘ಸ್ವಾವಲಂಬನೆ’ ಎಂಬ ಪದಕ್ಕೆ ಒಂದು ಕಾಲಂ ಇರುತ್ತದೆ, ‘ಹಕ್ಕು’ ಎಂಬುದಕ್ಕೆ ನಾನು ಕಂಡಂತೆ ಇರುವುದಿಲ್ಲ.

ಇತ್ತೀಚಿನ ಅಧ್ಯಾಯ ಕಹಿಯಾದದ್ದು. ಗುಂಪಿನ ಹೆಂಗಸರು ಸಾಲ ತೀರಿಸುತ್ತಾರೆಂಬ ಸುದ್ದಿ ಬ್ಯಾಂಕುಗಳಿಗಷ್ಟೇ ತಲುಪಲಿಲ್ಲ. ಕಿರುಸಾಲ ಕಂಪನಿಗಳು ಬಂದವು. ಅವುಗಳ ಗುಂಪನ್ನು ದೂರದಿಂದ ನೋಡಿದರೆ ಅದೇ ಚಾಪೆ, ಅದೇ ಸುತ್ತು, ಅದೇ ಮುಖಗಳು. ಹತ್ತಿರ ಹೋದರೆ ಉಳಿತಾಯವಿಲ್ಲ, ತಮ್ಮದೇ ನಿಧಿಯಿಲ್ಲ, ಬಡ್ಡಿ ಗೊತ್ತುಮಾಡುವವರು ಅವರಲ್ಲ. ಉಳಿದದ್ದು ಒಬ್ಬಳ ಸಾಲಕ್ಕೆ ಉಳಿದವರ ಹೊಣೆ ಮಾತ್ರ. ಪಕ್ಕದ ಆಂಧ್ರದಲ್ಲಿ 2010ರಲ್ಲಿ ಇದು ಸಿಡಿಯಿತು. 2025ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲೇ ವಸೂಲಿಯ ಕಿರುಕುಳಕ್ಕೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ಬಂತು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಯನ್ನು ಅಪರಾಧವಾಗಿಸಿತು. ಬರಗಾಲಕ್ಕೆ ಊರು ಬಿಡುತ್ತಿದ್ದವರ ಮಕ್ಕಳು ಈಗ ಕಂತಿಗೆ ಹೆದರಿ ಊರು ಬಿಡುವಂತಾಯಿತು.

ಸಾಲದ ಗುಂಪು ಮತ್ತು ಉಳಿತಾಯದ ಗುಂಪಿನ ವ್ಯತ್ಯಾಸವನ್ನು ನನಗೆ ಸ್ಪಷ್ಟ ಮಾಡಿದವರು ಆ ಕತ್ತಲ ಸಭೆಯ ತಾಯಿಯೇ. “ದುಡ್ ಕೊಡೋಕೆ ಬೋ ಜನ ಬತ್ತಾರೆ ಸಾರ್. ವಾರ ವಾರ ಕೂತು ಲೆಕ್ಕ ನೋಡೋಕೆ ನಾವೇಯ ಆಗ್ಬೇಕು” ಎಂದರು. ಅವರ ಸಂಘದ ಪುಸ್ತಕಗಳು ಒಂದು ತಗಡಿನ ಟ್ರಂಕಿನಲ್ಲಿದ್ದವು: ಹಾಜರಿ, ನಡವಳಿ, ಉಳಿತಾಯ, ಸಾಲ, ನಗದು. ಮೊದಲ ಪುಸ್ತಕದಲ್ಲಿ ಸಹಿಯ ಜಾಗದಲ್ಲೆಲ್ಲ ಹೆಬ್ಬೆಟ್ಟು. ಮೂರನೆಯದರ ಹೊತ್ತಿಗೆ ಓರೆಕೋರೆಯ ಅಕ್ಷರಗಳು ಬಂದಿದ್ದವು. ಈಗಿನ ಪುಸ್ತಕವನ್ನು ಬರೆಯುವುದು ಸದಸ್ಯೆಯೊಬ್ಬರ ಸೊಸೆ, ಬಿ.ಕಾಂ. ಮುಗಿಸಿದವಳು. ಸಂಘ ಅವಳಿಗೆ ಸಭೆಗಿಷ್ಟು ಎಂದು ಕೊಡುತ್ತದೆ. ಆ ಹಣ ಯಾವ ಅನುದಾನದ್ದೂ ಅಲ್ಲ, ಬಡ್ಡಿಯದು. ಎರಡು ಕಿರುಸಾಲ ಕಂಪನಿಗಳ ಕಂತು ಕಟ್ಟುತ್ತಿದ್ದ ಒಬ್ಬ ಸದಸ್ಯೆಗೆ ಸಂಘದಿಂದ ಸಾಲ ಕೊಟ್ಟು ಒಂದನ್ನು ಪೂರ್ತಿ ತೀರಿಸಿದ ಲೆಕ್ಕ ಆ ದಿನದ ನಡವಳಿಯಲ್ಲಿತ್ತು. ಅದಕ್ಕಾಗಿ ಒಂದೂವರೆ ಗಂಟೆ ಜಗಳವಾಯಿತೆಂದು ಆ ಹುಡುಗಿ ಪಿಸುಮಾತಿನಲ್ಲಿ ಹೇಳಿದಳು. ಇನ್ನೊಂದು ಕಂಪನಿಯ ಸಾಲದ ಮಾತು ಮುಂದಿನ ವಾರಕ್ಕೆ ಉಳಿದಿತ್ತು.

ನಮ್ಮ ವಾಹನ ದಾರಿಯಲ್ಲಿ ಕೆಟ್ಟು ನಾವು ಸಭೆಗೆ ಮುಕ್ಕಾಲು ಗಂಟೆ ತಡವಾಗಿ ಹೋಗಿದ್ದೆವು. ತಡವಾದ ಸದಸ್ಯೆಗೆ ಹತ್ತು ರೂಪಾಯಿ ದಂಡ ಎಂಬ ನಿಯಮವನ್ನು ಅತಿಥಿಗಳಿಗೂ ಅನ್ವಯಿಸಬೇಕೇ ಎಂಬ ಚರ್ಚೆ ನಡೆಯಿತು. ಮೂರು ಮಂದಿ ಬೇಡವೆಂದರು, ಉಳಿದವರು ಬೇಕೆಂದರು. ನಾನು ಹತ್ತು ರೂಪಾಯಿ ಕೊಟ್ಟೆ. ಹುಡುಗಿ ಅದನ್ನು ನಗದು ಪುಸ್ತಕದಲ್ಲಿ ‘ಇತರೆ ಜಮಾ’ ಎಂದು ಬರೆದು, ಮುಂದೆ ‘ಟೀವಿಯವರು’ ಎಂದು ಸೇರಿಸಿ, ಮೊತ್ತ ಕೂಡಿಸಿದಳು.